ಅರವತ್ತೊಂಬತ್ತು ನೌಕರಿಗಳ ರೆಸ್ಯೂಮೆ

ನಮ್ಮ ಟಪಾಲಕ್ಕ ಹದಿನೇಳು ವರ್ಷಗಳಲ್ಲಿ ಒಂದೇ ಕಚೇರಿಯ ಒಂದೇ ಕುರ್ಚಿಗೆ ಅರವತ್ತೊಂಬತ್ತು ಸಲ ಕೆಲಸಕ್ಕೆ ಸೇರಿದವಳು. ಇದನ್ನು ಹೇಳಿದರೆ ಹೊರಗಿನವರು ನಗುತ್ತಾರೆ. ನಗುವವರು ನಗಲಿ. ನಾನು ಅದೇ ಕಚೇರಿಯಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದು ಹೋದ ವರ್ಷ ನಿವೃತ್ತನಾದೆ. ಕೆಲಸಕ್ಕೆ ಸೇರಿದ್ದು ಒಂದೇ ಸಲ. ಅವಳ ಕಥೆ ಹೇಳುವ ಯೋಗ್ಯತೆ ನನಗೆ ಎಷ್ಟಿದೆ ಅನ್ನುವುದನ್ನು ಕೊನೆಯಲ್ಲಿ ನೀವೇ ತೀರ್ಮಾನ ಮಾಡಿ.

ನಮ್ಮದು ನೀರಿನ ಕಚೇರಿ. ಊರಿಗೆ ನೀರು ಬಿಡುವುದು, ಒಡೆದ ಪೈಪು ಕಟ್ಟುವುದು, ಕಟ್ಟಿದ ಪೈಪು ಮತ್ತೆ ಒಡೆದಾಗ ಜನರಿಂದ ಬೈಸಿಕೊಳ್ಳುವುದು ನಮ್ಮ ಕೆಲಸ. ಬಾಗಿಲು ದಾಟಿದ ಕೂಡಲೇ ಎಡಗಡೆಗೆ ಒಂದು ಕಬ್ಬಿಣದ ಜಾಲರಿಯ ಕಿಟಕಿ. ಜಾಲರಿಯ ಕೆಳಗೆ ಒಂದು ಗೇಣು ಎತ್ತರದ ಸಂದು. ಜನ ತಂದ ಪತ್ರ ಆ ಸಂದಿನಿಂದ ಒಳಗೆ ಹೋಗಬೇಕು. ಒಳಗೆ ಟಪಾಲಕ್ಕ ಅದನ್ನು ಓದಿ, ದೊಡ್ಡ ರಿಜಿಸ್ಟರಿನಲ್ಲಿ ನಂಬರು, ತಾರೀಖು, ಗಂಟೆ, ಯಾರಿಂದ, ಏನು ವಿಷಯ, ಯಾವ ವಿಭಾಗಕ್ಕೆ ಅಂತ ಬರೆದು, ಗುಂಡು ಸೀಲು ಒತ್ತಿ, ಆ ವಿಭಾಗಕ್ಕೆ ಕಳಿಸಬೇಕು. ಕಳಿಸುವುದು ಅಂದರೆ ನನ್ನ ಕೈಗೆ ಕೊಡುವುದು. ನಾನು ಮೆಟ್ಟಿಲು ಹತ್ತುವುದು.

ಅವಳು ಪರ್ಮನೆಂಟ್ ಅಲ್ಲ. ತೊಂಬತ್ತು ದಿನ ಒಂದೇ ಸಮನೆ ಕೆಲಸ ಮಾಡಿದರೆ ಆ ಮನುಷ್ಯನಿಗೆ ಕೆಲಸದ ಮೇಲೆ ಒಂದು ಹಕ್ಕು ಹುಟ್ಟಿಬಿಡುತ್ತದೆ ಅಂತ ನಮ್ಮ ಮೇಲಿನವರಿಗೆ ಯಾವತ್ತೋ ಒಬ್ಬ ವಕೀಲ ಹೇಳಿದ್ದನಂತೆ. ಹಕ್ಕು ಹುಟ್ಟದ ಹಾಗೆ ನೋಡಿಕೊಳ್ಳಲು ಎಂಬತ್ತೊಂಬತ್ತು ದಿನಕ್ಕೆ ಆದೇಶ ಕೊಡುವುದು, ಒಂದು ದಿನ ಮನೆಗೆ ಕಳಿಸುವುದು, ಮರುದಿನ ಹೊಸ ಆದೇಶ ಕೊಟ್ಟು ಹೊಸದಾಗಿ ಸೇರಿಸಿಕೊಳ್ಳುವುದು. ಆ ಒಂದು ದಿನಕ್ಕೆ ಬ್ರೇಕ್ ಅನ್ನುತ್ತಿದ್ದರು. ಹೀಗೆ ಅರವತ್ತೊಂಬತ್ತು ಆದೇಶ, ನಡುವೆ ಅರವತ್ತೆಂಟು ಬ್ರೇಕ್. ಬ್ರೇಕು ಭಾನುವಾರ ಬಿದ್ದರೆ ಹಿಂದಿನ ಶನಿವಾರವೇ ಕಳಿಸುತ್ತಿದ್ದರು. ರಜೆಯ ದಿನ ಮನೆಗೆ ಕಳಿಸಿದರೆ ಕಳಿಸಿದ ಹಾಗೆ ಆಗುವುದಿಲ್ಲವಲ್ಲ.

ಬ್ರೇಕಿನ ದಿನ ಕಿಟಕಿ ನೋಡಿಕೊಳ್ಳಬೇಕಾದವನು ನಾನು. ಮೊದಲನೇ ಬ್ರೇಕಿನ ದಿನ ನೋಡಿಕೊಂಡೆ ಕೂಡ. ಇಪ್ಪತ್ತಮೂರು ಪತ್ರ ಬಂತು. ನನ್ನ ಅಕ್ಷರ ಹೇಗಿದೆ ಅಂದರೆ, ಒಂದು ವಾರ ಕಳೆದ ಮೇಲೆ ನನಗೇ ಓದಲು ಬರುವುದಿಲ್ಲ. ಎರಡು ಪತ್ರಕ್ಕೆ ಒಂದೇ ನಂಬರು ಹಾಕಿದೆ. ಪೈಪು ಒಡೆದ ಮೂರು ಪತ್ರ ಎಲ್ಲಿಗೆ ಹೋದವೋ ಇವತ್ತಿಗೂ ಪತ್ತೆಯಿಲ್ಲ. ಮರದ ಮಿಲ್ಲಿನ ಹಿಂದಿನ ಬೀದಿಗೆ ಒಂಬತ್ತು ದಿನ ನೀರಿಲ್ಲ. ಹತ್ತನೇ ದಿನ ಆ ಬೀದಿಯವರು ಖಾಲಿ ಬಕೆಟ್ಟುಗಳ ಸಮೇತ ಬಂದು ಮೆಟ್ಟಿಲ ಮೇಲೆ ಕೂತರು. ಅವರನ್ನು ಸಮಾಧಾನ ಮಾಡಿ ಕಳಿಸಿದ್ದು ಟಪಾಲಕ್ಕ. ನಾನು ಆಗ ರೆಕಾರ್ಡ್ ರೂಮಿನಲ್ಲಿ ಏನೋ ಹುಡುಕುತ್ತಿದ್ದೆ.

ಎರಡನೇ ಬ್ರೇಕಿನ ದಿನ ಬೆಳಿಗ್ಗೆ ಹತ್ತಕ್ಕೆ ಕಿಟಕಿ ತೆರೆದರೆ ಹೊರಗೆ ಅವಳೇ ನಿಂತಿದ್ದಳು.

"ಇವತ್ತು ನಿಂಗೆ ಕೆಲ್ಸ ಇಲ್ವಲ್ಲಮ್ಮ," ಅಂದೆ.

"ಹೌದು, ಒಳಗೆ ಬರೋ ಹಾಗಿಲ್ಲ. ಹೊರಗೆ ನಿಲ್ಲಬೇಡ ಅಂತ ಯಾರೂ ಹೇಳಿಲ್ಲ. ಅಣ್ಣ, ರಿಜಿಸ್ಟರ್ ಈ ಕಡೆ ತಿರುಗಿಸಿ."

ತಿರುಗಿಸಿದೆ. ಸಂದಿನಿಂದ ಹೊರಗೆ ತಳ್ಳಿದೆ. ಅವಳು ಜನರ ಜೊತೆ ನಿಂತು, ಬಗ್ಗಿ, ಸಂಜೆಯವರೆಗೆ ಬರೆದಳು. ನಾನು ಅವಳ ಕುರ್ಚಿಯಲ್ಲಿ ಕೂತು ಸೀಲು ಒತ್ತಿದೆ, ಪುಟದ ಕೆಳಗೆ 'ಬರೆದವರು' ಅನ್ನುವ ಜಾಗದಲ್ಲಿ ನನ್ನ ಸಹಿ ಹಾಕಿದೆ, ಎರಡು ಸಲ ಟೀ ಕುಡಿದೆ. ಅವತ್ತಿನಿಂದ ಅದೇ ಪದ್ಧತಿಯಾಯಿತು. ಅದೂ ಸೇರಿ ಅರವತ್ತೇಳು ಬ್ರೇಕಿನ ದಿನ ಹಾಗೆಯೇ ನಡೆಯಿತು. ಪಗಾರವಿಲ್ಲದ ದಿನ ಯಾಕೆ ಬರುತ್ತೀಯ ಅಂತ ನಾನು ಒಂದು ಸಲವೂ ಕೇಳಲಿಲ್ಲ. ಕೇಳಿ, ಅವಳು ಬರುವುದನ್ನು ನಿಲ್ಲಿಸಿಬಿಟ್ಟರೆ?

ಆಮೇಲೆ ಹೊಸ ಆಫೀಸರಮ್ಮ ಬಂದರು. ಕಡಿಮೆ ಮಾತು, ದಪ್ಪ ಕನ್ನಡಕ. ಎಂಬತ್ತೊಂಬತ್ತು ದಿನದ ಆಟ ಅವರಿಗೆ ಹಿಡಿಸಲಿಲ್ಲ. ಟಪಾಲಿನ ಹುದ್ದೆಯನ್ನು ಕಾಯಂ ಮಾಡಿಸಿದರು. ಕೇಳಿದರೆ ಒಳ್ಳೆಯ ಸುದ್ದಿಯೇ. ಆದರೆ ಕಾಯಂ ಹುದ್ದೆಗೆ ಎಲ್ಲರಿಂದಲೂ ಅರ್ಜಿ ಕರೆಯಬೇಕು. ಒಂದು ಪುಟ ಮೀರದ ರೆಸ್ಯೂಮೆ, ಜೊತೆಗೊಂದು ಕವರಿಂಗ್ ಲೆಟರ್, ಪತ್ರ ಅಥವಾ ದಾಖಲೆ ನೋಂದಾಯಿಸುವ ಕೆಲಸದಲ್ಲಿ ಕನಿಷ್ಠ ಒಂದು ವರ್ಷದ ನಿರಂತರ ಅನುಭವ. ಕೊನೆಯ ದಿನ ಇಪ್ಪತ್ತನೇ ತಾರೀಖು. ಟಪಾಲಕ್ಕನ ಅರವತ್ತೊಂಬತ್ತನೇ ಆದೇಶ ಮುಗಿಯುವುದು ಮೂವತ್ತಕ್ಕೆ. ಎಪ್ಪತ್ತನೆಯದು ಇಲ್ಲ.

ಆ ಪ್ರಕಟಣೆಯನ್ನು ಬೋರ್ಡಿಗೆ ಗೋಂದು ಹಚ್ಚಿ ಅಂಟಿಸಿದವನು ನಾನೇ. ಅಂಟಿಸಿ, ಓದಿ, ಕಿಟಕಿಗೆ ಓಡಿದೆ.

"ಏನಮ್ಮಾ, ನಿನ್ನ ಕೆಲ್ಸಕ್ಕೆ ಊರಿನೋರ್ನೆಲ್ಲ ಕರೀತಿದಾರೆ!"

"ಗೊತ್ತು ಅಣ್ಣ. ಆ ಕಾಗದಕ್ಕೆ ನಂಬರ್ ಹಾಕಿದ್ದೇ ನಾನು," ಅಂದಳು. ತಲೆ ಎತ್ತಲೂ ಇಲ್ಲ.

ಅವಳ ಮನೆ ನಿಂತಿದ್ದು ಆ ಕುರ್ಚಿಯ ಮೇಲೆ. ಗಂಡ ಕನ್ನಡಕದ ಅಂಗಡಿಗೆ ಗಾಜು ಉಜ್ಜಿಕೊಡುವವರು. ಅಂಗಡಿಗಳಿಗೆ ಸಿದ್ಧ ಗಾಜು ಬರತೊಡಗಿದ ಮೇಲೆ ಅವರಿಗೆ ವಾರದಲ್ಲಿ ಮೂರು ದಿನ ಕೆಲಸ ಸಿಕ್ಕರೆ ಹೆಚ್ಚು. ಮಗಳು ನರ್ಸಿಂಗ್ ಎರಡನೇ ವರ್ಷ. ಟಪಾಲಕ್ಕನಿಗೆ ನಲವತ್ತಾರು. ಆ ವಯಸ್ಸಿನಲ್ಲಿ ಹೊರಗೆ ಬಿದ್ದರೆ ಇನ್ನೊಂದು ಕಿಟಕಿಯ ಹಿಂದೆ ಅವಳನ್ನು ಯಾರೂ ಕೂರಿಸುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಭಾನುವಾರ ಒಂದು ಪೊಟ್ಟಣ ಬಿಸ್ಕತ್ತು ಹಿಡಿದು ಅವಳ ಮನೆಗೆ ಹೋದೆ. ಎರಡು ಕೋಣೆಯ ಮನೆ. ಮುಂದಿನ ಕೋಣೆಯ ಮುಕ್ಕಾಲು ಭಾಗ ಗಾಜು ಉಜ್ಜುವ ಮೇಜು. ಅದರ ಮೇಲೆ ಮಗಳ ಲ್ಯಾಪ್‌ಟಾಪು, ಅದರ ಪಕ್ಕದಲ್ಲಿ ಟಪಾಲಕ್ಕ ಕೈಯಲ್ಲಿ ಬರೆದಿಟ್ಟ ರೆಸ್ಯೂಮೆ. ಹನ್ನೊಂದು ಪುಟ. ತಮಾಷೆಯಲ್ಲ, ಹನ್ನೊಂದು. ಅನುಭವ ಅನ್ನುವ ತಲೆಬರಹದ ಕೆಳಗೆ ಅರವತ್ತೊಂಬತ್ತು ನೌಕರಿಗಳು ಸಾಲಾಗಿ: ಕಚೇರಿಯ ಹೆಸರು, ಆದೇಶದ ನಂಬರು, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ. ಕಾರಣ ಎಲ್ಲ ಕಡೆಯೂ ಒಂದೇ: ಅವಧಿ ಮುಗಿದದ್ದರಿಂದ.

"ಅಮ್ಮಾ, ಇದನ್ನ ನೋಡಿದೋರು ನೀನು ಎಲ್ಲೂ ನಿಲ್ಲೋಳಲ್ಲ ಅಂದ್ಕೋತಾರೆ," ಅಂದಳು ಮಗಳು. "ಒಂದೇ ಸಾಲು ಸಾಕು. ಟಪಾಲು ವಿಭಾಗ, ಹದಿನೇಳು ವರ್ಷ. ಮುಗೀತು."

"ಸುಳ್ಳಾಗುತ್ತೆ. ಮಧ್ಯದಲ್ಲಿ ಅರವತ್ತೆಂಟು ದಿನ ನಾನು ಕೆಲ್ಸದಲ್ಲಿ ಇರ್ಲಿಲ್ಲ."

"ಎಲ್ಲಿದ್ದೆ ಮತ್ತೆ ಆ ದಿನ? ಮನೇಲಂತೂ ಇರ್ತಿರ್ಲಿಲ್ಲ!"

ಟಪಾಲಕ್ಕ ಹನ್ನೊಂದು ಪುಟಗಳನ್ನು ಜೋಡಿಸತೊಡಗಿದಳು. ನನ್ನ ಕಡೆ ನೋಡಲಿಲ್ಲ. ನಾನು ಬಾಯಲ್ಲಿದ್ದ ಬಿಸ್ಕತ್ತನ್ನು ಅಗಿಯದೆ ನುಂಗಿದೆ. ಅವಳು ಬಾಯಿ ಬಿಟ್ಟಿದ್ದರೆ ನನ್ನ ಕುತ್ತಿಗೆಗೆ ಬರುತ್ತಿತ್ತು. ನಾನು ಬರೆಯದ ಪುಟಕ್ಕೆ 'ಬರೆದವರು' ಅಂತ ಅರವತ್ತೇಳು ಸಲ ಸಹಿ ಹಾಕಿದವನು, ನಿವೃತ್ತಿಗೆ ಎಂಟು ತಿಂಗಳು ಇದ್ದವನು. ಮೆಮೊ ಬಂತು ಅಂದರೆ ಪಿಂಚಣಿಯ ಕಾಗದ ಎಲ್ಲಿ ಸಿಕ್ಕಿಕೊಳ್ಳುತ್ತದೋ ದೇವರೇ ಬಲ್ಲ.

ಕೊನೆಗೆ ಅಮ್ಮ ಮಗಳು ಒಂದು ಒಪ್ಪಂದಕ್ಕೆ ಬಂದರು: 'ಇದೇ ಕಚೇರಿಯ ಟಪಾಲು ವಿಭಾಗ, ಹದಿನೇಳು ವರ್ಷಗಳಲ್ಲಿ ಎಂಬತ್ತೊಂಬತ್ತು ದಿನಗಳ ಅರವತ್ತೊಂಬತ್ತು ಆದೇಶ, ಪ್ರತಿ ಎರಡರ ನಡುವೆ ಒಂದು ದಿನದ ಬಿಡುವು.' ಎರಡು ಸಾಲಾಯಿತು. ಹವ್ಯಾಸ ಏನು ಅಂತ ಮಗಳು ಕೇಳಿದಳು. ಟಪಾಲಕ್ಕ ತುಂಬಾ ಹೊತ್ತು ಯೋಚಿಸಿ, "ಪತ್ರ ಓದೋದು" ಅಂದಳು. ಮಗಳು ಆ ತಲೆಬರಹವನ್ನೇ ಅಳಿಸಿಹಾಕಿದಳು.

ಕವರಿಂಗ್ ಲೆಟರಿನದು ಇನ್ನೊಂದು ಪೇಚಾಟ. ಅವಳು ಬರೆದದ್ದು ಹೀಗಿತ್ತು: 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಟಪಾಲು ಸ್ವೀಕರಿಸುವ ಹಾಗೂ ವಿಲೇವಾರಿ ಮಾಡುವ ಕಾರ್ಯವನ್ನು ಸಮರ್ಪಕವಾಗಿ ನಿರ್ವಹಿಸಲಾಗಿರುತ್ತದೆ ಎಂಬ ಅಂಶವನ್ನು ತಮ್ಮ ಅವಗಾಹನೆಗೆ ತರಲಾಗಿದೆ.' ಗಂಡ ಅದನ್ನು ತೆಗೆದುಕೊಂಡು ಓದಿದರು. ಕನ್ನಡಕ ಬದಲಿಸಿ ಇನ್ನೊಂದು ಸಲ ಓದಿದರು. ಮೇಜಿನ ಮೇಲಿದ್ದ ದಪ್ಪ ಗಾಜೊಂದನ್ನು ಕಣ್ಣಿಗೆ ಹಿಡಿದು ಮೂರನೇ ಸಲವೂ ಓದಿದರು.

"ಏನು ಹುಡುಕ್ತಿದ್ದೀರಿ?" ಅಂದಳು.

"ನಿನ್ನನ್ನ. ಯಾವ ಗಾಜಲ್ಲೂ ಕಾಣಿಸ್ತಿಲ್ಲ."

ನಾವೆಲ್ಲ ನಕ್ಕೆವು. ಅವಳಿಗೆ ಸ್ವಲ್ಪ ಸಿಟ್ಟು ಬಂತು. ಆಗ ನಾನು ಅಂದೆ, "ಅಲ್ಲಮ್ಮಾ, ಕಿಟಕಿ ಹತ್ರ ಬಂದೋರಿಗೆಲ್ಲ ನೀನೇ ಹೇಳ್ತೀಯಲ್ಲ. ಪೈಪು ಎಲ್ಲಿ ಒಡೆದಿದೆ ಅಂತ ಮೊದಲನೇ ಸಾಲಲ್ಲಿ ಹೇಳಿ, ಮಿಕ್ಕಿದ್ದು ಆಮೇಲೆ ಅಂತ. ನಿಂಗೆ ಮಾತ್ರ ಆ ಕಾನೂನು ಬೇಡ್ವಾ?"

ಅವಳು ಪೆನ್ನು ತೆಗೆದುಕೊಂಡಳು. ಐದು ನಿಮಿಷದಲ್ಲಿ ಬರೆದು ಮುಗಿಸಿದಳು. 'ಈ ಕಚೇರಿಗೆ ಹದಿನೇಳು ವರ್ಷಗಳಲ್ಲಿ ಬಂದ ಒಂದು ಲಕ್ಷದ ಆರು ಸಾವಿರ ಪತ್ರಗಳನ್ನು ನಾನು ಓದಿದ್ದೇನೆ, ನಂಬರು ಹಾಕಿದ್ದೇನೆ, ಸೇರಬೇಕಾದ ಕಡೆ ಸೇರಿಸಿದ್ದೇನೆ. ನನ್ನ ವಿಭಾಗದಲ್ಲಿ ಕಳೆದುಹೋದ ಪತ್ರಗಳು ಮೂರು.' ಇನ್ನೂ ನಾಲ್ಕು ಸಾಲಿತ್ತು, ಅಷ್ಟೂ ಹೀಗೆಯೇ.

"ಆ ಮೂರರ ವಿಷಯ ಯಾಕಮ್ಮ ಹೇಳ್ತೀಯ?" ಅಂದಳು ಮಗಳು.

"ಕಳೆದದ್ದು ಕಳೆದದ್ದೇ."

ಆ ಮೂರನ್ನು ಕಳೆದವನು ಅಲ್ಲೇ ಕೂತು ಬಿಸ್ಕತ್ತು ತಿನ್ನುತ್ತಿದ್ದ. ತಾನು ಕಳೆದದ್ದು ಅಂತ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಅವಳಿಗೂ ಹೇಳಬೇಕು ಅನ್ನಿಸಲಿಲ್ಲ.

ಸೋಮವಾರದಿಂದ ಅರ್ಜಿಗಳು ಬರತೊಡಗಿದವು. ಎಲ್ಲಿಗೆ ಬರಬೇಕು? ಅವಳ ಕಿಟಕಿಗೇ. ಒಟ್ಟು ನಲವತ್ತೊಂದು. ತನ್ನ ಕುರ್ಚಿ ಕೇಳಿಕೊಂಡು ಬಂದವರ ಅರ್ಜಿಗಳನ್ನೆಲ್ಲ ಅವಳೇ ಓದಿ, ನಂಬರು ಹಾಕಿ, ಸೀಲು ಒತ್ತಿ, ಅಂದವಾಗಿ ಫೈಲಿಗೆ ಸೇರಿಸಿದಳು. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಸುಮ್ಮನಿರುತ್ತಿದ್ದೆ.

ಒಬ್ಬಳು ಹುಡುಗಿ ಬಂದಳು. ಕಂಪ್ಯೂಟರ್ ಕೋರ್ಸ್ ಮುಗಿಸಿದವಳು. ರೆಸ್ಯೂಮೆಗೆ ಸುತ್ತ ಹೂವಿನ ಅಂಚು. ಪತ್ರದಲ್ಲಿ ತಾನು ಕ್ರಿಯಾಶೀಲ, ಪ್ರಾಮಾಣಿಕ, ಒತ್ತಡದಲ್ಲೂ ನಗುನಗುತ್ತ ದುಡಿಯುವ ವ್ಯಕ್ತಿ ಅಂತ ಮುಕ್ಕಾಲು ಪುಟ. ಮೇಲ್ಗಡೆ 'ಬ್ಯಾಂಕ್ ಮ್ಯಾನೇಜರ್ ಅವರಿಗೆ' ಅಂತ ಇತ್ತು.

"ಇದು ಬ್ಯಾಂಕ್ ಅಲ್ಲಮ್ಮ," ಅಂದಳು ಟಪಾಲಕ್ಕ.

"ಅಯ್ಯೋ, ಸಾರಿ ಆಂಟಿ. ಹಳೇದನ್ನೇ ಪ್ರಿಂಟ್ ತೆಗ್ದುಬಿಟ್ಟೆ."

"ಇರ್ಲಿ. ಇಷ್ಟೆಲ್ಲ ಗುಣ ಬರ್ದಿದ್ದೀಯ, ಏನು ಮಾಡಿದ್ದೀಯ ಅಂತಾನೇ ಬರ್ದಿಲ್ಲ. ಅನುಭವ ಅನ್ನೋ ಕಡೆ ಖಾಲಿ ಬಿಟ್ಟಿದ್ದೀಯ."

"ನಾನೇನೂ ಮಾಡಿಲ್ಲ ಆಂಟಿ."

"ಏನೂ ಮಾಡ್ದೆ ಇಪ್ಪತ್ಮೂರು ವರ್ಷ ಇರೋಕೆ ಯಾರಿಗೂ ಆಗಲ್ಲ. ಕಾಲೇಜ್ ಮುಗಿದ ಮೇಲೆ ದಿನಾ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ತಿದ್ದೆ?"

"ಸೋದರಮಾವನ ಕೊರಿಯರ್ ಅಂಗಡಿಗೆ. ಬಂದ ಪಾರ್ಸೆಲ್ ಬರ್ಕೊಳ್ಳೋದು, ಯಾರಿಗೆ ತಲುಪ್ತು ನೋಡೋದು. ಎರಡು ವರ್ಷ. ಅದು ಮಾವಂದು, ಕೆಲ್ಸ ಅಂತ ಅನ್ನಿಸ್ಲೇ ಇಲ್ಲ."

"ಅದನ್ನೇ ಅವರು ಕೇಳಿರೋದು. ಹೋಗು, ಆ ಬೆಂಚಿನ ಮೇಲೆ ಕೂತು ಅದನ್ನ ಮೊದಲನೇ ಸಾಲಲ್ಲಿ ಬರಿ. ದಿನಕ್ಕೆ ಎಷ್ಟು ಪಾರ್ಸೆಲ್, ಎಷ್ಟು ತಪ್ಪಾಯ್ತು, ಎಲ್ಲ ಬರಿ. ಈ ಗುಣಗಳನ್ನೆಲ್ಲ ತೆಗೆದುಬಿಡು, ಅವು ಎಲ್ಲರ ಅರ್ಜಿಯಲ್ಲೂ ಇವೆ. ನಿಮ್ಮ ಮಾವನ ಹತ್ರ ಒಂದು ಪತ್ರಾನೂ ತಗೊಂಡು ಬಾ."

ನನಗೆ ಮೈಯೆಲ್ಲ ಉರಿಯಿತು. ಆ ಹುಡುಗಿ ಅತ್ತ ಹೋಗುವುದನ್ನೇ ಕಾದು ಒಳಗೆ ನುಗ್ಗಿದೆ.

"ನಿಂಗೇನು ತಲೆ ಕೆಟ್ಟಿದ್ಯಾ? ಅನುಭವ ಇಲ್ಲ ಅಂತ ತಾನಾಗೇ ಬಿದ್ದುಹೋಗ್ತಿದ್ಲು. ನೀನೇ ಎತ್ತಿ ನಿಲ್ಲಿಸಿ ನಿನ್ನ ಎದುರಿಗೇ ಕೂರಿಸ್ಕೊಂಡೆ!"

"ಅನುಭವ ಇತ್ತಲ್ಲ ಅಣ್ಣ. ಬರ್ದಿರ್ಲಿಲ್ಲ, ಅಷ್ಟೆ. ಅರ್ಧಂಬರ್ಧ ಅರ್ಜಿನ ಫೈಲಿಗೆ ಹೇಗೆ ಸೇರಿಸ್ಲಿ?"

ಇಂಥವಳ ಜೊತೆ ಏನು ಮಾತಾಡುತ್ತೀರಿ? ನಾನು ಟೀ ಕುಡಿಯಲು ಹೋದೆ.

ಇಪ್ಪತ್ತನೇ ತಾರೀಖು ಬೆಳಿಗ್ಗೆ ಅವಳು ತನ್ನ ಅರ್ಜಿ ತೆಗೆದಳು. ಕುರ್ಚಿಯಿಂದ ಎದ್ದು ಹೊರಗೆ ಹೋಗಿ ಸಾಲಿನಲ್ಲಿ ನಿಂತಳು. ತನ್ನ ಕಾಗದಕ್ಕೆ ತಾನೇ ನಂಬರು ಹಾಕಬಾರದಂತೆ. ಹಾಗಂತ ಎಲ್ಲಿ ಬರೆದಿದೆ ಅಂದರೆ ಎಲ್ಲೂ ಬರೆದಿಲ್ಲ, ಆದರೂ ಹಾಕಬಾರದಂತೆ. "ಅಣ್ಣ, ನೀವೇ ಬರೀರಿ," ಅಂದಳು. ನಾನು ಒಳಗೆ ಕೂತು ಪೆನ್ನು ಹಿಡಿದೆ. ಮೊದಲನೇ ಬ್ರೇಕಿನ ದಿನದ ನಂತರ ಆ ರಿಜಿಸ್ಟರಿನಲ್ಲಿ ಸಹಿ ಬಿಟ್ಟು ಬೇರೆ ಏನನ್ನೂ ಬರೆದಿರಲಿಲ್ಲ. ನೇರವಾದ ನೀಲಿ ಸಾಲುಗಳ ನಡುವೆ ನನ್ನ ಒಂದು ಸಾಲು ಕುಂಟುತ್ತ ಹೋಗಿ ಅಂಚಿಗೆ ಡಿಕ್ಕಿ ಹೊಡೆಯಿತು. ಅವಳು ಜಾಲರಿಯಿಂದ ನೋಡಿ, "ನಂಬರ್ ಸರಿಯಾಗಿದೆ," ಅಂದಳು. ಅಷ್ಟು ಸಾಕಿತ್ತು ಅವಳಿಗೆ.

ನಾಲ್ಕು ದಿನದ ಮೇಲೆ ಆಫೀಸರಮ್ಮ ನನ್ನನ್ನು ಕರೆಸಿದರು. ಮೇಜಿನ ಮೇಲೆ ಟಪಾಲಕ್ಕನ ಅರ್ಜಿ, ಪಕ್ಕದಲ್ಲಿ ಈಗಿನ ರಿಜಿಸ್ಟರು. ಹದಿನೇಳು ವರ್ಷದ ಹಿಂದಿನ ರಿಜಿಸ್ಟರು ತರಲು ಹೇಳಿದರು. ರೆಕಾರ್ಡ್ ರೂಮಿನಿಂದ ಧೂಳು ಕೊಡವಿ ಹೊತ್ತು ತಂದೆ. ನನ್ನ ಗುಂಡಿಗೆ ನಾನೇ ಮಣ್ಣು ಹೊರುತ್ತಿದ್ದೇನೆ ಅಂತ ಆಗ ಗೊತ್ತಾಗಲಿಲ್ಲ.

"ಮೂರು ಪತ್ರ ಕಳೆದಿದೆ ಅಂತ ಈಕೆ ಬರೆದಿದ್ದಾರೆ. ಯಾರೂ ಕೇಳದೆ ಹೀಗೆ ಬರೆಯೋರನ್ನ ನಾನು ನೋಡಿಲ್ಲ," ಅಂದರು. ಪುಟ ತಿರುಗಿಸಿ ಮೊದಲನೇ ಬ್ರೇಕಿನ ದಿನಕ್ಕೆ ಬಂದು ನಿಂತರು. "ಇದು ಯಾರ ಅಕ್ಷರ?"

"ನಂದೇ ಮೇಡಂ."

"ಈ ಇಪ್ಪತ್ತನೇ ತಾರೀಖಿನ ಸಾಲು?"

"ಅದೂ ನಂದೇ ಮೇಡಂ."

"ಎರಡೂ ಒಂದೇ ಥರ ಇದೆ." ಮತ್ತೆ ಹಳೆಯ ರಿಜಿಸ್ಟರು ತಿರುಗಿಸಿ ಎರಡನೇ ಬ್ರೇಕಿನ ದಿನದ ಪುಟ ತೋರಿಸಿದರು. ಮುತ್ತಿನಂಥ ಅಕ್ಷರ, ಕೆಳಗೆ ನನ್ನ ಸಹಿ. "ಇದು?"

"ಇದೂ… ನಂದೇ ಮೇಡಂ."

"ಮೂರು ತಿಂಗಳಲ್ಲಿ ಇಷ್ಟು ಸುಧಾರಿಸ್ತಾ?"

"ಅಭ್ಯಾಸ ಮಾಡ್ದೆ ಮೇಡಂ."

"ಈಗ ಮತ್ತೆ ಹಾಳಾಯ್ತಾ?"

"ಕೈ ನಡುಗುತ್ತೆ ಮೇಡಂ. ವಯಸ್ಸಾಯ್ತು."

ಅವರು ನನ್ನ ಕೈಯನ್ನು ನೋಡಿದರು. ಅದು ಕಂಬದ ಹಾಗೆ ಅಲ್ಲಾಡದೆ ನಿಂತಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಿ, ಕಾಗದದ ಪ್ರಕಾರ ಈಕೆ ಎಂಬತ್ತೊಂಬತ್ತು ದಿನಕ್ಕಿಂತ ಹೆಚ್ಚು ಒಂದೇ ಸಮನೆ ಕೆಲಸ ಮಾಡಿಲ್ಲ. ನಿಯಮ ಒಂದು ವರ್ಷ ಕೇಳುತ್ತೆ. ಬಿಡುವಿನ ದಿನಗಳಲ್ಲೂ ಈಕೆಯೇ ಕೆಲಸ ಮಾಡಿದ್ರು ಅನ್ನೋದಕ್ಕೆ ಸಾಕ್ಷಿ ಇದ್ದಿದ್ರೆ ಸಮಿತಿ ಮುಂದೆ ಇಡಬಹುದಿತ್ತು. ನೀವು ನಿಮ್ಮದೇ ಅಂತೀರಿ. ಸರಿ, ಹೋಗಿ."

ಕೆಳಗೆ ಬಂದೆ. ಟಪಾಲಕ್ಕ ಕೇಳಿದಳು. ನಡೆದದ್ದನ್ನೆಲ್ಲ ಹೇಳಿದೆ, ಕೈ ನಡುಗುವ ವಿಷಯವನ್ನೂ ಬಿಡದೆ.

ಅವಳು ಸೀಲಿನ ಹಿಡಿಯನ್ನು ಒಂದು ಸುತ್ತು ತಿರುಗಿಸಿದಳು. "ಸರಿಯಾಗೇ ಹೇಳಿದ್ರಿ ಅಣ್ಣ. ಇನ್ನು ಎಂಟು ತಿಂಗಳಿದೆ ನಿಮಗೆ," ಅಂದಳು. ಮುಂದಿನ ಪತ್ರ ತೆಗೆದುಕೊಂಡು ನಂಬರು ಹಾಕಿದಳು.

ಬೈದಿದ್ದರೆ ಚೆನ್ನಾಗಿತ್ತು. ಸೀಲು ಎತ್ತಿ ನನ್ನ ತಲೆಗೆ ಕುಕ್ಕಿದ್ದರೂ ಸಹಿಸಿಕೊಳ್ಳುತ್ತಿದ್ದೆ. ಅವತ್ತು ನನಗೆ ನನ್ನ ಮೇಲೆ ಬಂದಷ್ಟು ಅಸಹ್ಯ ಬೇರೆ ಯಾವತ್ತೂ ಬಂದಿಲ್ಲ. ಸಂಜೆ ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ನನ್ನ ಹೆಂಡತಿ ಮುಖ ನೋಡಿ, ಏನಾಯ್ತು ಅಂದಳು. ಹೇಳಿದೆ. ಅವಳು ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು.

"ಮೂವತ್ತು ವರ್ಷದಿಂದ ಆಫೀಸಲ್ಲಿ ನಿಮ್ಮ ಕೆಲ್ಸ ಏನು ಅಂತ ಕೇಳಿದಾಗೆಲ್ಲ ಟಪಾಲು ನೋಡ್ಕೋತೀನಿ ಅಂತಿದ್ರಿ. ನೋಡ್ಕೊಂಡಿದ್ದು ನಿಜ ಅನ್ನಿ. ಅವಳು ಬರೀತಿದ್ಲು, ನೀವು ನೋಡ್ತಿದ್ರಿ." ಎದ್ದು ಹೋಗಿ ಒಂದು ಹಾಳೆ, ಪೆನ್ನು ತಂದು ನನ್ನ ಮುಂದೆ ಇಟ್ಟಳು. "ಈಗ ಬರೀರಿ. ಬರೆದಾದ್ಮೇಲೆ ಊಟ."

ಮೂರು ಹಾಳೆ ಹರಿದೆ. ಮೂರರಲ್ಲೂ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಅಂತಲೇ ಶುರುವಾಗುತ್ತಿತ್ತು, ಮೂರರಲ್ಲೂ ತಪ್ಪು ನಡೆದಿರುತ್ತಿತ್ತು, ಮಾಡಿದವನು ಮಾತ್ರ ಇರುತ್ತಿರಲಿಲ್ಲ. ನಾಲ್ಕನೆಯದರಲ್ಲಿ ಪೈಪು ಎಲ್ಲಿ ಒಡೆದಿದೆ ಅನ್ನುವುದನ್ನು ಮೊದಲು ಬರೆದೆ. 'ಟಪಾಲು ರಿಜಿಸ್ಟರಿನಲ್ಲಿ ಅರವತ್ತೇಳು ದಿನ ನನ್ನ ಸಹಿಯ ಮೇಲಿರುವ ಅಕ್ಷರ ನನ್ನದಲ್ಲ. ಅದು ನಮ್ಮ ಟಪಾಲಿನ ಗುಮಾಸ್ತೆಯದು. ಬ್ರೇಕಿನ ದಿನಗಳಲ್ಲಿ ಆಕೆ ಕಿಟಕಿಯ ಹೊರಗೆ ನಿಂತು ಬರೆದರು, ನಾನು ಒಳಗೆ ಕೂತು ಟೀ ಕುಡಿದೆ. ಕಳೆದುಹೋದ ಮೂರು ಪತ್ರಗಳನ್ನು ಕಳೆದವನು ನಾನು. ಇವತ್ತು ನಿಮ್ಮೆದುರು ಹೇಳಿದ್ದು ಸುಳ್ಳು. ನನ್ನ ಕೈ ನಡುಗುವುದಿಲ್ಲ.'

ಮರುದಿನ ಬೆಳಿಗ್ಗೆ ಅದನ್ನು ಹಿಡಿದು ಕಿಟಕಿಯ ಹೊರಗೆ ಸಾಲಿನಲ್ಲಿ ನಿಂತೆ. ನನ್ನ ಮುಂದೆ, ಎರಡು ದಿನದಿಂದ ನಲ್ಲಿಯಲ್ಲಿ ಬರೀ ಗಾಳಿ ಬರುತ್ತಿದೆ ಅನ್ನುವ ಒಬ್ಬ ಮನುಷ್ಯ. ಅವನದು ಮುಗಿದ ಮೇಲೆ ನನ್ನ ಪತ್ರವನ್ನು ಸಂದಿನಿಂದ ತಳ್ಳಿದೆ. ವಿಷಯ ಬರೆದುಕೊಳ್ಳಬೇಕಲ್ಲ, ಓದಿದಳು. ಪೆನ್ನು ನಿಂತಿತು.

"ಅಣ್ಣ, ಇದನ್ನ ವಾಪಸ್ ತಗೊಳ್ಳಿ."

"ಕಿಟಕಿಗೆ ಬಂದ ಪತ್ರ ವಾಪಸ್ ಕೊಡೋ ಹಾಗಿಲ್ಲ."

"ನನ್ನ ವಿಷಯ ಇದೆ ಇದ್ರಲ್ಲಿ. ನಾನು ನಂಬರ್ ಹಾಕೋ ಹಾಗಿಲ್ಲ."

"ವಿಷಯ ನಂದು. ಸುಳ್ಳು ನಂದು, ಸಹಿ ನಂದು. ಹಾಕು."

"ಅಪೂರ್ಣ ಇದ್ರೆ ವಾಪಸ್ ಕೊಡಬಹುದು," ಅಂದಳು. ಮೇಲಿನಿಂದ ಕೆಳಗಿನವರೆಗೆ ಹುಡುಕಿದಳು. "ತಾರೀಖು ಹಾಕಿಲ್ಲ ನೀವು."

ಹಾಕಿಕೊಟ್ಟೆ. ಮತ್ತೆ ಹುಡುಕಿದಳು. ಬೇರೆ ಏನೂ ಸಿಗಲಿಲ್ಲ. ಎರಡು ಸಲ ಮೂಗು ಒರೆಸಿಕೊಂಡಳು, ನಂಬರು ಹಾಕಿದಳು, ವಿಷಯದ ಜಾಗದಲ್ಲಿ 'ಕೈಬರಹದ ಬಗ್ಗೆ' ಅಂತ ಬರೆದಳು, ಸೀಲು ಒತ್ತಿದಳು. ಆಮೇಲೆ ಪತ್ರವನ್ನು ಮೇಲಕ್ಕೆ ತಲುಪಿಸಲು ನನ್ನ ಕೈಗೇ ಕೊಟ್ಟಳು. ಆ ಮೆಟ್ಟಿಲುಗಳು ಅವತ್ತು ಮುಗಿಯುವ ಹಾಗೆ ಕಾಣಲಿಲ್ಲ.

ಸಮಿತಿಯವರು ಅರವತ್ತೆಂಟೂ ಪುಟಗಳನ್ನು ತೆಗೆಸಿ ನೋಡಿದರು. ಅವಳ ಕೈಯಲ್ಲಿ ಅಲ್ಲೇ ಒಂದು ಪುಟ ಬರೆಸಿ, ಅಕ್ಷರ ಹೋಲಿಸಿದರು. ಬ್ರೇಕಿನ ದಿನದ ಸಾಲುಗಳೆಲ್ಲ ನಿಂತು ಬರೆದದ್ದರಿಂದ ಒಂಚೂರು ಬಲಕ್ಕೆ ವಾಲಿದ್ದವಂತೆ. ಅದನ್ನು ಕಂಡುಹಿಡಿದದ್ದು ಆಫೀಸರಮ್ಮ. ಮೊದಲನೇ ಬ್ರೇಕ್ ಬಿಟ್ಟರೆ ಹದಿನೇಳು ವರ್ಷ ನಿರಂತರ ಕೆಲಸ ಅಂತ ಒಪ್ಪಿಕೊಂಡು ಸಂದರ್ಶನಕ್ಕೆ ಕರೆದರು. ಇಪ್ಪತ್ತೊಂಬತ್ತನೇ ತಾರೀಖು ಪಟ್ಟಿ ಬಂತು. ನಾನೇ ಗೋಂದು ಹಚ್ಚಿ ಅಂಟಿಸಿದೆ. ಮೊದಲನೇ ಹೆಸರು ಅವಳದು. ಎರಡನೆಯದು ಕೊರಿಯರ್ ಹುಡುಗಿಯದು, ಕಾಯುವ ಪಟ್ಟಿಯಲ್ಲಿ.

ಹುಡುಗಿ ಪಟ್ಟಿ ನೋಡಲು ಬಂದಾಗಲೇ, ತನಗೆ ಪತ್ರ ಬರೆಯುವುದನ್ನು ಹೇಳಿಕೊಟ್ಟವರೇ ಪಟ್ಟಿಯಲ್ಲಿ ಮೊದಲನೆಯವರು ಅನ್ನುವುದು ಅವಳಿಗೆ ಗೊತ್ತಾದದ್ದು. ಬಾಯಿ ತೆರೆದುಕೊಂಡು ಕಿಟಕಿಯನ್ನೇ ನೋಡಿದಳು. ಟಪಾಲಕ್ಕ ಅವಳನ್ನು ಹತ್ತಿರ ಕರೆದು, "ಎಂಟು ತಿಂಗಳಿಗೆ ನಮ್ಮ ಅಣ್ಣ ನಿವೃತ್ತಿ ಆಗ್ತಾರೆ, ಆ ಜಾಗಕ್ಕೂ ಅರ್ಜಿ ಕರೀತಾರೆ. ಮೇಲ್ಗಡೆ ಬ್ಯಾಂಕ್ ಮ್ಯಾನೇಜರ್ ಅಂತ ಹಾಕ್ಬೇಡ," ಅಂದಳು.

ಮೂವತ್ತೊಂದನೇ ತಾರೀಖು, ಅಂದರೆ ಬ್ರೇಕ್ ಆಗಬೇಕಿದ್ದ ದಿನ, ಅವಳು ಎಪ್ಪತ್ತನೇ ಸಲ ಕೆಲಸಕ್ಕೆ ಸೇರಿದಳು. ಅದೇ ಕುರ್ಚಿ, ಅದೇ ಪೆನ್ನು. ಹತ್ತೂವರೆಗೆ ಮೇಲಿನಿಂದ ಒಂದು ಮೆಮೊ ಇಳಿದು ಬಂತು. ನನಗೆ. ಸುಳ್ಳು ಸಹಿಯ ಬಗ್ಗೆ ಮೂರು ದಿನದೊಳಗೆ ವಿವರಣೆ ಕೊಡಬೇಕು. ಮುಂದೆ ಅದು ಸರ್ವಿಸ್ ಪುಸ್ತಕದಲ್ಲಿ ಒಂದು ಎಚ್ಚರಿಕೆಯ ಸಾಲಾಗಿ ಮುಗಿಯಿತು, ಪಿಂಚಣಿಗೆ ತೊಂದರೆಯಾಗಲಿಲ್ಲ. ಅವತ್ತು ಅದೆಲ್ಲ ಗೊತ್ತಿರಲಿಲ್ಲ.

"ಅಣ್ಣ, ಹೊರಗಡೆ ಬನ್ನಿ," ಅಂದಳು. "ಮೆಮೊ ತಗೊಳ್ಳೋರು ಕಿಟಕಿ ಹೊರಗೆ ನಿಂತು ತಗೋಬೇಕು."

ಇದೂ ಎಲ್ಲೂ ಬರೆದಿಲ್ಲ. ಆದರೂ ಹೋಗಿ ನಿಂತೆ. ಅವಳು ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿ ಸಂದಿನಿಂದ ಹೊರಗೆ ತಳ್ಳಿದಳು. ಮೇಲೆ ತನ್ನ ಪೆನ್ನು ಇಟ್ಟಳು.

"ನೀವೇ ಬರೀರಿ. ನಂಬರು, ತಾರೀಖು, ಗಂಟೆ, ವಿಷಯ. ಕೆಳಗೆ ಸಹಿ."

ಸಂದಿನ ಹೊರಗಿನ ಕಟ್ಟೆ ಪತ್ರ ಇಡಲು ಮಾಡಿದ್ದು, ಬರೆಯಲು ಅಲ್ಲ. ಸೊಂಟದಿಂದ ಒಂದು ಗೇಣು ಕೆಳಗೆ. ಬರೆಯಬೇಕಾದರೆ ಪೂರ್ತಿ ಬಗ್ಗಬೇಕು, ಹಣೆ ಜಾಲರಿಗೆ ತಾಗುತ್ತದೆ, ಹಿಂದೆ ನಿಂತವರು ಬೆನ್ನಿಗೆ ಒತ್ತುತ್ತಾರೆ. ಮೂವತ್ತು ವರ್ಷ ಆ ಕಿಟಕಿಯ ಸುತ್ತಲೇ ಓಡಾಡಿದವನಿಗೆ ಇದು ಗೊತ್ತಿರಲಿಲ್ಲ. ಒಂದೇ ಒಂದು ಸಾಲು ಬರೆದು ಮುಗಿಸುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. ಅವಳು ಅಲ್ಲಿ ಅರವತ್ತೇಳು ದಿನ, ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ನಿಂತಿದ್ದಳು.

ಸಹಿ ಹಾಕಿ, ಕಟ್ಟೆ ಹಿಡಿದುಕೊಂಡು ಮೆಲ್ಲಗೆ ನೆಟ್ಟಗಾದೆ.

ಅವಳು ರಿಜಿಸ್ಟರನ್ನು ಒಳಗೆಳೆದುಕೊಂಡು ನನ್ನ ಸಾಲನ್ನು ಓದಿದಳು. "ನಂಬರ್ ಸರಿಯಾಗಿದೆ. ಒಳಗೆ ಬನ್ನಿ ಅಣ್ಣ, ನಿಮ್ಮ ಟೀ ಆರ್ತಿದೆ," ಅಂದಳು.